ಒಬ್ಬರ ಪಾಲಿನ ನಿರೀಕ್ಷೆಯನ್ನು ಇನ್ನೊಬ್ಬರು ಹೊತ್ತಾಗ

ಬೈಬಲಿನಲ್ಲಿ ಪ್ರಲಾಪಗಳು ಎಂಬ ಪುಟ್ಟ ಪುಸ್ತಕವೊಂದಿದೆ. ಇರುವುದು ಐದೇ ಅಧ್ಯಾಯ. ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಸುಟ್ಟು, ದೇವಾಲಯವನ್ನು ಕೆಡವಿ, ಜನರನ್ನು ಸೆರೆಯೊಯ್ದ ಮೇಲೆ ಹುಟ್ಟಿದ ಅಳು ಅದು. ಒಂದು, ಎರಡು, ನಾಲ್ಕು, ಐದನೆಯ ಅಧ್ಯಾಯಗಳಿಗೆ ತಲಾ 22 ವಚನಗಳು. ನಡುವಿನ ಮೂರನೆಯದಕ್ಕೆ ಮಾತ್ರ 66. ಆ ನಡುವಣ ಅಧ್ಯಾಯದಲ್ಲಿ, ಅಳುತ್ತಿದ್ದ ಕವಿ ಒಮ್ಮೆ ತಲೆಯೆತ್ತುತ್ತಾನೆ. ದೇವರ ಕರುಣೆ ಬತ್ತಿಹೋಗಿಲ್ಲವೆಂದೂ ಪ್ರತಿ ಬೆಳಗಿನೊಂದಿಗೆ ಅದು ಮತ್ತೆ ಹೊಸದಾಗುತ್ತದೆಂದೂ ನೆನಪಿಸಿಕೊಳ್ಳುತ್ತಾನೆ. ಹಾಗೆ ನೆನೆದ ಮೇಲೂ ಅವನ ಅಳು ನಿಲ್ಲುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಮಕ್ಕಳು ರೊಟ್ಟಿ ಕೇಳುತ್ತಾರೆ, ಮುರಿದುಕೊಡುವವರಿಲ್ಲ. ಐದನೆಯದು, ದೇವರು ನಮ್ಮನ್ನು ಕೈಬಿಟ್ಟನೋ ಏನೋ ಎಂಬ ಅಳುಕಿನಲ್ಲೇ ಮುಗಿಯುತ್ತದೆ.

ಬೆಳಗಿನ ಹೊತ್ತು ಕೃತಜ್ಞತೆ ಸಲ್ಲಿಸಲು ಕೂತಾಗ ನನಗೆ ಈ ಪುಸ್ತಕ ಬಲ ಕೊಡುತ್ತದೆ. ದುಃಖ ತೀರಿದ ಮೇಲೆ ಸ್ತೋತ್ರ ಹೇಳೋಣ ಎಂದು ಆ ಕವಿ ಕಾಯಲಿಲ್ಲ. ಹಿಂದೆಯೂ ಅಳು, ಮುಂದೆಯೂ ಅಳು. ನಡುವೆ ಕೂತು ಅವನು ಕರುಣೆಯನ್ನು ಹೆಸರಿಸಿದ. ಹಾಗೆ ಹೆಸರಿಸಬಹುದು ಎಂಬುದನ್ನು ನಾನು ಕಲಿತದ್ದು ಓದಿ ಅಲ್ಲ, ನಮ್ಮ ಶುಕ್ರವಾರದ ಮನೆಕೂಟದಲ್ಲಿ ಕೂತು. ಇಂದು ಬೆಳಿಗ್ಗೆ ದೇವರಿಗೆ ನಾನು ಕೃತಜ್ಞತೆ ಹೇಳಬೇಕಾಗಿರುವುದು ಆ ಕೂಟಕ್ಕಾಗಿ, ಅದನ್ನು ನಡೆಸುವ ಸೇವೆ ನನಗೆ ಒಲಿದು ಬಂದದ್ದಕ್ಕಾಗಿ.

ಧಾರವಾಡದಲ್ಲಿ ನಮ್ಮ ಮನೆ. ಶುಕ್ರವಾರ ಸಂಜೆ ಪಡಸಾಲೆಯ ಮೇಜನ್ನು ಗೋಡೆಗೆ ಸರಿಸಿ ಜಮಖಾನ ಹಾಸುತ್ತೇವೆ. ಮೊಣಕಾಲು ನೋವಿನವರಿಗೆ ಪ್ಲಾಸ್ಟಿಕ್ ಕುರ್ಚಿ. ಹತ್ತು ಹನ್ನೆರಡು ಜನ ಸೇರುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿ, ರಾತ್ರಿ ಪಾಳಿಗೆ ಹೊರಡುವ ಮುನ್ನ ಬಂದು ಕೂರುವ ನರ್ಸ್, ಆಟೋ ಓಡಿಸುವ ತಮ್ಮ, ಮಗಳ ಮದುವೆ ಮುರಿದುಬಿದ್ದ ಮೇಲೆ ಯಾರ ಮನೆಗೂ ಹೋಗದೆ ಇದ್ದ ದಂಪತಿ, ಸಪ್ತಾಪುರದ ರೂಮಿನಲ್ಲಿದ್ದುಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವ ಹುಡುಗ. ಒಂದು ಗೀತೆ, ಒಂದು ಚಿಕ್ಕ ಪ್ರಾರ್ಥನೆ, ಸತ್ಯವೇದದ ಒಂದು ಭಾಗ. ಆಮೇಲೆ ಪ್ರತಿಯೊಬ್ಬರೂ ವಾರ ಹೇಗೆ ಕಳೆಯಿತೆಂದು ಹೇಳುತ್ತಾರೆ. ಕೊನೆಗೆ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ, ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳಿ ಚಹಾ, ಚುರುಮುರಿಗೆ ಏಳುತ್ತೇವೆ. ನೋಡುವವರಿಗೆ ಇಷ್ಟೇ.

ಈ ಇಷ್ಟರಲ್ಲೇ ಸಭೆಯ ಬೇರು ಇದೆ. ಮೊದಲ ಶತಮಾನದ ಕ್ರೈಸ್ತರಿಗೆ ಚರ್ಚ್ ಕಟ್ಟಡಗಳಿರಲಿಲ್ಲ. ಅವರು ಮನೆಮನೆಗಳಲ್ಲಿ ರೊಟ್ಟಿ ಮುರಿಯುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಗುಡಾರ ಹೊಲಿಯುವ ಕಸುಬಿನ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿ ಒಂದು ಸಭೆ, ಫಿಲೆಮೋನನ ಮನೆಯಲ್ಲಿ ಒಂದು ಸಭೆ. ಫಿಲಿಪ್ಪಿಯದಂತೂ ಇನ್ನೂ ಸೊಗಸು. ಸಬ್ಬತ್ ದಿನ ಪೌಲನು ಊರ ಬಾಗಿಲು ದಾಟಿ ಹೊಳೆಯ ದಡಕ್ಕೆ ಹೋದಾಗ ಅಲ್ಲಿ ಪ್ರಾರ್ಥನೆಗೆಂದು ಕೂಡಿದ್ದವರು ಹೆಂಗಸರು. ಅವರಲ್ಲೊಬ್ಬಳು ಲುದ್ಯ, ಥುವತೈರದಿಂದ ಬಂದು ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದವಳು. ಅವಳು ತನ್ನ ಮನೆಯ ಬಾಗಿಲು ತೆರೆದಳು. ಪೌಲ ಮತ್ತು ಅವನ ಜೊತೆಗಾರ ಸೀಲ ಆ ಊರಿನ ಸೆರೆಮನೆಯಿಂದ ಹೊರಬಂದ ದಿನ ನೇರ ಹೋದದ್ದು ಆ ಮನೆಗೇ. ಅಲ್ಲಿ ಕೂಡಿದ್ದವರಿಗೆ ಧೈರ್ಯ ಹೇಳಿ ಮುಂದೆ ನಡೆದರು.

ಹದಿನೇಳನೆಯ ಶತಮಾನದ ಜರ್ಮನಿಯಲ್ಲಿ, ಮೂವತ್ತು ವರ್ಷಗಳ ಯುದ್ಧ ಮುಗಿದ ಕೆಲವು ದಶಕಗಳ ಮೇಲೆ, ಧರ್ಮವೆಂದರೆ ಬರೀ ವಾದವಾಗಿ ಉಳಿದಿದ್ದ ಹೊತ್ತಿನಲ್ಲಿ, ಫ್ರಾಂಕ್‌ಫರ್ಟಿನ ಸಭಾಪಾಲಕ ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ತಮ್ಮ ಮನೆಯಲ್ಲೇ ಇಂಥದೇ ಸಣ್ಣ ಕೂಟ ಆರಂಭಿಸಿದರು. ಓದು, ಪ್ರಾರ್ಥನೆ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವುದು. ಆ ರೀತಿಯ ಮನೆಕೂಟಗಳು ವ್ಯುರ್ಟೆಂಬರ್ಗಿನ ಹಳ್ಳಿಗಳಲ್ಲಿ ಬೇರು ಬಿಟ್ಟವು. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿಗೆ ಬೆನ್ನೆಲುಬಾದದ್ದು ಆ ಕೂಟಗಳಲ್ಲಿ ಬೆಳೆದ ಜನ. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೆಹ್ನರ್, ಗ್ರೈನರ್ ಆ ಮಿಷನ್ನಿನವರೇ. 1837ರಲ್ಲಿ ಅದು ಧಾರವಾಡಕ್ಕೂ ಬಂತು. ನಮ್ಮ ಊರಿನಲ್ಲಿ ಇಂದಿಗೂ ಹೆಬಿಕ್ ಹೆಸರಿನ ಚರ್ಚ್ ಇದೆ. ನನ್ನ ತಂದೆಯ ಮನೆತನ ಈ ಬಾಸೆಲ್ ಮಿಷನ್ ಸಭೆಗೆ ಸೇರಿದ್ದು.

ನನ್ನ ತಾಯಿಯ ತವರು ತುಮಕೂರು. ಅವರದು ವೆಸ್ಲಿಯನ್ ಸಭೆ. ಆ ಕಡೆಯಿಂದ ಬಂದ ಒಂದು ಪ್ರಸಂಗವನ್ನು ನಾನು ಮರೆತಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯವರು 1739ರಲ್ಲಿ ಕಟ್ಟಿಸಿದ ಕೂಟದ ಮನೆಯ ಮೇಲೆ ಸಾಲ ಉಳಿದಿತ್ತು. 1742ರ ಫೆಬ್ರುವರಿ 15ರಂದು ಅದನ್ನು ತೀರಿಸುವ ದಾರಿ ಹುಡುಕಲು ಹಿರಿಯರು ಕೂಡಿದರು. ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನಿ ಕೊಡಲಿ ಎಂದರು ಫೋಯ್ ಎಂಬ ಕ್ಯಾಪ್ಟನ್. ಬಡವರ ಕೈಯಲ್ಲಿ ಅದೂ ಆಗದು ಎಂದು ಯಾರೋ ಹೇಳಿದಾಗ ಅವರು ಕೊಟ್ಟ ಉತ್ತರ ದೊಡ್ಡದು: ತೀರ ಬಡವರಾದ ಹನ್ನೊಂದು ಜನರನ್ನು ನನಗೇ ವಹಿಸಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಡಲಾಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ ಎಂಬ ಅರ್ಥದ ಮಾತು. ಉಳಿದವರೂ ಹಾಗೇ ಒಪ್ಪಿದರು. ಹನ್ನೆರಡು ಹನ್ನೆರಡು ಜನರ ಗುಂಪು, ಗುಂಪಿಗೊಬ್ಬ ಮುಂದಾಳು. ಕಾಸು ಕೂಡಿಸಲು ಮನೆಮನೆಗೆ ಹೋದ ಮುಂದಾಳುಗಳು ಅಲ್ಲಿಯ ಕಷ್ಟವನ್ನು ಕಂಡರು. ಕಾಯಿಲೆ, ಕುಡಿತ, ಜಗಳ, ಸೋಲು ಎಲ್ಲವನ್ನೂ ಕಂಡರು. ಸಾಲ ತೀರಿಸಲು ಹುಟ್ಟಿದ್ದು ಆತ್ಮಗಳ ಕಾಳಜಿಯ ವ್ಯವಸ್ಥೆಯಾಯಿತು. ಮುಂದೆ ಎಲ್ಲರೂ ಒಂದೆಡೆ ಕೂಡುವ ರೂಢಿ ಬಂತು. ವೆಸ್ಲಿಯವರ ಮೆಥೊಡಿಸ್ಟ್ ಚಳವಳಿ ಬೆಳೆದದ್ದು ಇಂಥ ಗುಂಪುಗಳ ಮೇಲೆ.

ಬೇರೆ ಸಭೆಗಳಲ್ಲೂ ಇದರ ರೂಪಗಳಿವೆ. ಮಂಗಳೂರಿನ ಕಥೋಲಿಕರಲ್ಲಿ ಪ್ರತಿ ಚರ್ಚಿನ ಊರು ವಾಡೊಗಳಾಗಿ ಹಂಚಿರುತ್ತದೆ, ವಾಡೊಗೆ ಒಬ್ಬ ಗುರ್ಕಾರ ಇರುತ್ತಾನೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮದುವೆ ಎಂಬುದು ಅವನಿಗೆ ಗೊತ್ತು. ಹೆಸರು ಬೇರೆ, ಆಸರೆ ಒಂದೇ. ಶುಕ್ರವಾರ ಜಮಖಾನ ಹಾಸುವಾಗ ಇವರೆಲ್ಲರ ನೆನಪಾಗುತ್ತದೆ. ನಾನು ಹೊಸದೇನನ್ನೂ ಶುರುಮಾಡಿದವಳಲ್ಲ. ಲುದ್ಯಳ ಹೊಸ್ತಿಲಿನಿಂದ ನನ್ನ ಹೊಸ್ತಿಲಿನವರೆಗೆ ಎಷ್ಟೋ ಜನ ಬಾಗಿಲು ತೆರೆದಿಟ್ಟುಕೊಂಡು ಬಂದದ್ದರಿಂದ ಈ ಕೆಲಸ ನನ್ನ ಕೈಗೆ ಬಂದಿದೆ. ನನ್ನ ಮೊದಲ ಕೃತಜ್ಞತೆ ಅವರಿಗೆ ಸಲ್ಲಬೇಕು.

ಎರಡನೆಯದು, ಕೂಟ ಚಿಕ್ಕದಾಗಿರುವುದಕ್ಕೆ. ಭಾನುವಾರದ ಆರಾಧನೆಯನ್ನು ನಾನು ಪ್ರೀತಿಸುತ್ತೇನೆ. ತುಂಬಿದ ಚರ್ಚಿನಲ್ಲಿ ಎಲ್ಲರ ದನಿ ಸೇರಿ ಗೀತೆ ಏಳುವಾಗ ನನ್ನ ಎದೆಯೂ ತುಂಬುತ್ತದೆ. ಆದರೆ ಆ ತುಂಬಿದ ಸಾಲುಗಳಲ್ಲಿ ಒಬ್ಬರು ಇಲ್ಲದಿದ್ದರೆ ಯಾರಿಗೂ ತಿಳಿಯದೆ ಹೋಗಬಹುದು. ಹನ್ನೆರಡು ಜನರ ಕೂಟದಲ್ಲಿ ಹಾಗಾಗದು. ಒಂದು ಕುರ್ಚಿ ಖಾಲಿ ಇದ್ದರೆ ಎಲ್ಲರ ಕಣ್ಣೂ ಅತ್ತ ಹೋಗುತ್ತದೆ. ನರ್ಸ್ ಬರಲಿಲ್ಲ, ಡ್ಯೂಟಿ ಬದಲಾಯಿತೇನೋ, ಜ್ವರವೇನೋ ಎಂದು ಯಾರಾದರೂ ಕೇಳುತ್ತಾರೆ. ರಾತ್ರಿಯೊಳಗೆ ಒಂದು ಫೋನ್ ಹೋಗುತ್ತದೆ. ತಾನು ಇಲ್ಲದ್ದನ್ನು ಯಾರೋ ಗಮನಿಸಿದರು ಎಂಬ ಅರಿವೇ ಎಷ್ಟೋ ಜನರಿಗೆ ಭರವಸೆಯ ಮೊದಲ ಮೆಟ್ಟಿಲು.

ಇದನ್ನು ಯೋಚಿಸುವಾಗ ತೋಮನ ಕಥೆ ಕಣ್ಣಿಗೆ ಕಟ್ಟುತ್ತದೆ. ನಮ್ಮ ದೇಶಕ್ಕೇ ಬಂದು ಸುವಾರ್ತೆ ಸಾರಿದನೆಂದು ಪರಂಪರೆ ನಂಬುವ ತೋಮ. ಪುನರುತ್ಥಾನದ ದಿನ ಸಂಜೆ ಶಿಷ್ಯರೆಲ್ಲ ಬಾಗಿಲು ಮುಚ್ಚಿಕೊಂಡು ಕೂಡಿದ್ದಾಗ ಯೇಸುಸ್ವಾಮಿ ಅವರ ನಡುವೆ ಬಂದರು. ಆಗ ತೋಮನೊಬ್ಬ ಅಲ್ಲಿರಲಿಲ್ಲ. ಉಳಿದವರು ಹೇಳಿದ್ದನ್ನು ಅವನು ನಂಬಲಿಲ್ಲ, ಗಾಯವನ್ನು ಮುಟ್ಟಿ ನೋಡುವ ತನಕ ನಂಬುವುದೂ ಇಲ್ಲ ಎಂದ. ಅವನ ಅನುಮಾನದ ಬಗ್ಗೆ ನಾವು ಬಹಳ ಪ್ರಸಂಗ ಕೇಳಿದ್ದೇವೆ. ನನಗೆ ಮುಖ್ಯವಾಗಿ ಕಾಣುವುದು ಆಮೇಲಿನ ವಾರ. ಎಂಟು ದಿನ ಕಳೆದ ಮೇಲೆ ಶಿಷ್ಯರು ಮತ್ತೆ ಕೂಡಿದಾಗ ತೋಮನೂ ಅವರ ಜೊತೆಗಿದ್ದ. ನಂಬಿದ ಹತ್ತು ಜನರ ನಡುವೆ, ನಂಬಲಾರದ ಒಬ್ಬ. ಅವನು ಬಿಟ್ಟುಹೋಗಲಿಲ್ಲ, ಅವರು ಹೊರಗೆ ಕಳಿಸಲೂ ಇಲ್ಲ. ಕರ್ತನು ಮತ್ತೆ ಬಂದಾಗ ತೋಮನಿಗೆ ಸಿಕ್ಕಿದ್ದು ಅವನು ಆ ಮನೆಯಲ್ಲಿದ್ದದ್ದರಿಂದ. ನಂಬಿಕೆ ಇನ್ನೂ ಬಾರದವನಿಗೆ ಒಂದು ವಾರ ಜಾಗ ಹಿಡಿದಿಟ್ಟರಲ್ಲ, ಆ ಶಿಷ್ಯರ ಕೂಟ ಅಂದರೆ ನನಗೆ ತುಂಬ ಗೌರವ.

ನಿರೀಕ್ಷೆ ಎಂಬುದನ್ನು ನಾವು ಹಗುರವಾಗಿ ಮಾತಾಡಿಬಿಡುತ್ತೇವೆ. ಎಲ್ಲ ಸರಿಹೋಗುತ್ತದೆ, ಚಿಂತೆ ಬಿಡಿ, ದೇವರು ದೊಡ್ಡವನು. ಕಷ್ಟದಲ್ಲಿರುವವರ ಮುಂದೆ ಈ ಮಾತುಗಳು ನಿಲ್ಲುವುದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ನಿರೀಕ್ಷೆ ಎಲ್ಲಿಂದ ಬರುತ್ತದೆಂದು ಹೇಳುವ ಕ್ರಮ ನೋಡಿದರೆ ಆಶ್ಚರ್ಯವಾಗುತ್ತದೆ: ಮೊದಲು ಉಪದ್ರವ, ಅದರಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಗೆ ನಿಂತ ಗುಣ, ಅದರಿಂದ ನಿರೀಕ್ಷೆ. ನಿರೀಕ್ಷೆ ಆ ಸಾಲಿನಲ್ಲಿ ಕೊನೆಯದು. ಅದಕ್ಕೆ ಮುಂಚೆ ತಾಳ್ಮೆಯ ಒಂದು ದೀರ್ಘ ನಡಿಗೆ ಇದೆ. ಆ ನಡಿಗೆಯನ್ನು ಯಾರೂ ಒಬ್ಬಂಟಿಯಾಗಿ ನಡೆಯಬಾರದು ಎಂಬುದಕ್ಕೇ ಕೂಟ ಇರುವುದು.

ಜೊತೆಗಿರುವುದೆಂದರೆ ಏನೆಂದು ಯೋಬನ ಪುಸ್ತಕ ತೋರಿಸುತ್ತದೆ. ಯೋಬನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಅವನ ಗುರುತೇ ಸಿಗದಷ್ಟು ಅವನು ಕುಗ್ಗಿಹೋದದ್ದನ್ನು ಕಂಡು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತರು. ಅವರು ಮಾಡಿದ್ದರಲ್ಲಿ ಅದೇ ಅತ್ಯುತ್ತಮ. ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣ ವಿವರಿಸತೊಡಗಿದ ಮೇಲೆ ಎಲ್ಲ ಕೆಟ್ಟಿತು. ಪುಸ್ತಕದ ಕೊನೆಗೆ ದೇವರು ಸಿಟ್ಟಾದದ್ದು ಯೋಬನ ಮೇಲಲ್ಲ, ಆ ವಿವರಣೆಗಾರರ ಮೇಲೆ. ಜರ್ಮನಿಯಲ್ಲಿ ಹಿಟ್ಲರನ ಕಾಲದಲ್ಲಿ ಡೀಟ್ರಿಶ್ ಬೊನ್‌ಹೋಫರ್ ಫಿಂಕೆನ್‌ವಾಲ್ಡೆ ಎಂಬಲ್ಲಿ ಯುವ ಸಭಾಪಾಲಕರನ್ನು ತಯಾರು ಮಾಡುತ್ತ ಅವರೊಂದಿಗೆ ಒಂದೇ ಸೂರಿನಡಿ ಬಾಳಿದರು. 1937ರಲ್ಲಿ ಗೆಸ್ಟಾಪೊ ಆ ಶಾಲೆಯನ್ನು ಮುಚ್ಚಿಸಿತು. ಆ ಸಹಬಾಳ್ವೆಯ ಅನುಭವದಿಂದ ಅವರು ಬರೆದು 1939ರಲ್ಲಿ ಹೊರಬಂದ ಪುಸ್ತಕದಲ್ಲಿ, ಒಬ್ಬರಿಗೊಬ್ಬರು ಮಾಡಬೇಕಾದ ಸೇವೆಗಳಲ್ಲಿ ಮೊದಲನೆಯದು ಕಿವಿಗೊಟ್ಟು ಕೇಳುವುದು ಎಂದಿದ್ದಾರೆ. ಸಹೋದರನ ಮಾತು ಕೇಳದವನು ಕ್ರಮೇಣ ದೇವರ ಮಾತನ್ನೂ ಕೇಳಲಾರ ಎಂಬುದು ಅವರ ಎಚ್ಚರಿಕೆ.

ನಮ್ಮ ಕೂಟದಲ್ಲಿ ಇದಕ್ಕಾಗಿ ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದೇವೆ. ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವಂತಿಲ್ಲ. ಕೇಳದೆ ಬುದ್ಧಿವಾದ ಹೇಳುವಂತಿಲ್ಲ. ಇಲ್ಲಿ ಕೇಳಿದ್ದು ಹೊಸ್ತಿಲು ದಾಟುವಂತಿಲ್ಲ. ದೇವರು ಕೊಡದ ಮಾತನ್ನು ದೇವರ ಹೆಸರಿನಲ್ಲಿ ನಾವು ಕೊಡುವಂತಿಲ್ಲ. ಇಂಥ ದಿನಕ್ಕೆ ಕಾಯಿಲೆ ವಾಸಿಯಾಗುತ್ತದೆ, ಇಂಥ ತಿಂಗಳಿಗೆ ಕೆಲಸ ಸಿಗುತ್ತದೆ ಎಂದು ಯಾರೂ ಹೇಳಬಾರದು. ಪ್ರಾರ್ಥನೆ ಮಾಡಿದೆವೆಂದು ಯಾರೂ ಮಾತ್ರೆ ಬಿಡಬಾರದು. ಸುವಾರ್ತೆ ಬರೆದ ಲೂಕನನ್ನೇ ಪೌಲನು ಪ್ರಿಯ ವೈದ್ಯನೆಂದು ಕರೆದಿದ್ದಾನೆ. ವೈದ್ಯರ ಕೈಯೂ ದೇವರ ಕೊಡುಗೆಯೇ. ಮನಸ್ಸು ಕುಸಿದವರಿಗೆ ಇದು ಇನ್ನೂ ಅಗತ್ಯ. ಬದುಕೇ ಬೇಡವೆನಿಸುತ್ತದೆ ಎಂದು ಯಾರಾದರೂ ಹೇಳಿದರೆ ಅವರನ್ನು ಒಬ್ಬರೇ ಬಿಡದೆ ವೈದ್ಯರ ಹತ್ತಿರ ಕರೆದೊಯ್ಯುತ್ತೇವೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಎಲ್ಲಿದ್ದವರಿಗೂ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆ ಇದೆ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವುದೂ ಕೂಟದ ಕೆಲಸವೇ.

ಸಪ್ತಾಪುರದ ಆ ಹುಡುಗನ ವಿಷಯ ಹೇಳಬೇಕು. ಧಾರವಾಡದ ಆ ಭಾಗವನ್ನು ಬಲ್ಲವರಿಗೆ ಗೊತ್ತು, ಬೀದರ, ವಿಜಯಪುರ, ರಾಯಚೂರು ಕಡೆಯಿಂದ ಬಂದ ಸಾವಿರಾರು ಮಕ್ಕಳು ಅಲ್ಲಿ ಚಿಕ್ಕ ರೂಮುಗಳಲ್ಲಿದ್ದು ಓದುತ್ತಾರೆ. ಅಧಿಸೂಚನೆಗೆ ಕಾಯುವುದು, ಪರೀಕ್ಷೆ ಬರೆಯುವುದು, ಫಲಿತಾಂಶಕ್ಕೆ ಕಾಯುವುದು, ಮತ್ತೆ ಮೊದಲಿನಿಂದ. ಊರಿನಲ್ಲಿ ಅಪ್ಪ ಹೊಲ ಒತ್ತೆಯಿಟ್ಟು ದುಡ್ಡು ಕಳಿಸುತ್ತಿರುತ್ತಾನೆ. ವಯಸ್ಸಿನ ಮಿತಿ ಹತ್ತಿರವಾಗುತ್ತಿರುತ್ತದೆ. ಈ ಹುಡುಗನೂ ಹಾಗೇ. ಒಂದು ಶುಕ್ರವಾರ ಅವನ ಸರದಿ ಬಂದಾಗ ತಲೆ ತಗ್ಗಿಸಿ, “ಅಕ್ಕಾರ, ನನ್ನ ಬಾಯಾಗ ಪ್ರಾರ್ಥನಾನ ಬರವಲ್ದು. ನನ್ನ ಕಡೆ ಏನೂ ಉಳದಿಲ್ಲ” ಎಂದ. ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಕಾಯಿಪಲ್ಲೆ ಮಾರುವ ಅಜ್ಜಿ ಅವನ ಬೆನ್ನ ಮೇಲೆ ಕೈಯಿಟ್ಟು, “ಆಗ್ಲಿ ತಗೋ ಯಪ್ಪಾ, ನಿನ್ನ ಪಾಲಿಂದೂ ನಾನ ಬೇಡ್ಕೊಂತೀನಿ. ನೀ ಸುಮ್ನ ಕುಂದ್ರು” ಎಂದರು.

ಅಜ್ಜಿಗೆ ಓದು ಬಾರದು. ಬ್ರಿಸ್ಟಲ್ ಎಲ್ಲಿದೆಯೆಂದು ಅವರಿಗೆ ತಿಳಿಯದು, ಕ್ಯಾಪ್ಟನ್ ಫೋಯ್ ಹೆಸರನ್ನು ಅವರು ಕೇಳಿಲ್ಲ. ಆದರೆ ಅಂದು ಅವರು ಮಾಡಿದ್ದು ಅದನ್ನೇ; ಕೊಡಲಾಗದವನ ಪಾಲನ್ನು ತಾವು ಹಾಕಿದರು. ಫೋಯ್ ಹಾಕಿದ್ದು ಕಾಸು, ಅಜ್ಜಿ ಹಾಕಿದ್ದು ನಿರೀಕ್ಷೆ. ಅಂದಿನಿಂದ ವಾರವಾರ ಆ ಹುಡುಗ ಬಂದು ಸುಮ್ಮನೆ ಕೂರುತ್ತಿದ್ದ, ಅಜ್ಜಿ ಅವನ ಹೆಸರು ಹಿಡಿದು ಬೇಡಿಕೊಳ್ಳುತ್ತಿದ್ದರು. ಅವನಿಗೆ ಇನ್ನೂ ನೌಕರಿ ಸಿಕ್ಕಿಲ್ಲ. ಈಗ ಸಂಜೆ ಹೊತ್ತು ಶಾಲೆ ಮಕ್ಕಳಿಗೆ ಪಾಠ ಹೇಳಿ ರೂಮಿನ ಬಾಡಿಗೆ ಹೊಂದಿಸಿಕೊಳ್ಳುತ್ತಾನೆ. ಆದರೆ ಒಂದು ದಿನ, ಯಾರೂ ಕೇಳದೆ, ಅವನೇ ಬಾಯಿ ತೆರೆದು ಪ್ರಾರ್ಥಿಸಿದ. ತನ್ನ ಪರೀಕ್ಷೆಗಾಗಿ ಅಲ್ಲ, ಅಜ್ಜಿಯ ಮೊಣಕಾಲಿನ ನೋವಿಗಾಗಿ. ಒಂದೇ ಸಾಲು. ಅವನಿಗೆ ನಿರೀಕ್ಷೆ ಮರಳಿ ಬಂದದ್ದನ್ನು ನಾವೆಲ್ಲ ತಿಳಿದದ್ದು ಆ ಸಾಲಿನಿಂದ. ಇನ್ನೊಬ್ಬರಿಗೆ ಬೇಡಿಕೊಳ್ಳಬಲ್ಲವನು ಬರಿಗೈಯವನಲ್ಲ.

ಮಾರ್ಕನು ಬರೆದ ಸುವಾರ್ತೆಯಲ್ಲಿ ಕಪೆರ್ನೌಮಿನ ಒಂದು ಮನೆಯ ಕಥೆ ಇದೆ. ಪಾರ್ಶ್ವವಾಯು ಬಡಿದ ಒಬ್ಬನನ್ನು ನಾಲ್ಕು ಜನ ಹೊತ್ತು ತಂದರು. ಜನರ ದಟ್ಟಣೆಯಿಂದ ಬಾಗಿಲ ಹತ್ತಿರ ಹೋಗಲಾಗಲಿಲ್ಲ. ಅವರು ಮೇಲೆ ಹತ್ತಿ, ಮಾಳಿಗೆ ಬಿಚ್ಚಿ, ಅವನನ್ನು ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಸಿದರು. ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಮಾರ್ಕನು ಬರೆಯುತ್ತಾನೆ. ಹಾಸಿಗೆಯ ಮೇಲಿದ್ದವನು ಒಂದು ಮಾತೂ ಆಡಿದಂತಿಲ್ಲ. ಅವನಲ್ಲಿ ನಂಬಿಕೆ ಇತ್ತೋ, ದಣಿದು ಬತ್ತಿಹೋಗಿತ್ತೋ, ಮಾರ್ಕನು ಹೇಳುವುದಿಲ್ಲ. ಹೊತ್ತವರ ನಂಬಿಕೆ ಕಂಡು ಕರ್ತನು ಅವನ ಪಾಪವನ್ನು ಕ್ಷಮಿಸಿದ, ಅವನನ್ನು ಎಬ್ಬಿಸಿ ನಡೆಸಿದ. ಕ್ರೈಸ್ತ ಕೂಟದ ಕೆಲಸವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಕಥೆ ನನಗೆ ಬೇರೆ ಸಿಕ್ಕಿಲ್ಲ. ಹಾಸಿಗೆಗೆ ನಾಲ್ಕು ಮೂಲೆ; ಒಬ್ಬರೇ ಎತ್ತಲಾಗದು. ನಾಲ್ಕೂ ಕಡೆ ಕೈ ಬಿದ್ದರೆ ಮಾಳಿಗೆಯೂ ಅಡ್ಡಿಯಾಗದು.

ಕೂಟ ನಡೆಸುವವರು ಯಾವಾಗಲೂ ಹೊರುವವರೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಹಾಗಿಲ್ಲ. ನನ್ನ ಯಜಮಾನರು ತೀರಿಕೊಂಡ ಮೇಲೆ ಕೂಟವನ್ನು ನಡೆಸುವ ಶಕ್ತಿ ನನಗೆ ಇರಲಿಲ್ಲ. ಗೀತೆಯ ಪುಸ್ತಕ ಕೈಯಲ್ಲಿ ಹಿಡಿದರೆ ಅಕ್ಷರ ಕಾಣುತ್ತಿರಲಿಲ್ಲ. ಸ್ವಲ್ಪ ದಿನ ನಿಲ್ಲಿಸೋಣ ಎಂದೆ. ಯಾರೂ ಒಪ್ಪಲಿಲ್ಲ. ಶುಕ್ರವಾರ ಸಂಜೆ ಅವರೇ ಬಂದು ಮೇಜು ಸರಿಸಿದರು, ಜಮಖಾನ ಹಾಸಿದರು. ಆಟೋದ ತಮ್ಮ ತಡವರಿಸುತ್ತಲೇ ಸತ್ಯವೇದ ಓದಿದ. ನರ್ಸ್ ಗೀತೆ ಎತ್ತಿಕೊಟ್ಟಳು. ಅಜ್ಜಿ ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬಂದಿದ್ದರು. ನಾನು ನನ್ನ ಮನೆಯಲ್ಲೇ, ನನ್ನ ಕೂಟದಲ್ಲೇ, ಹಾಸಿಗೆಯ ಮೇಲೆ ಹೊತ್ತು ತಂದವಳ ಹಾಗೆ ಕೂತಿದ್ದೆ. ಅವರು ಹಾಡಿದರು, ನನ್ನ ಪಾಲಿನದನ್ನೂ ಹಾಡಿದರು. ನಾನು ಮತ್ತೆ ಬಾಯಿಬಿಟ್ಟು ಪ್ರಾರ್ಥಿಸುವ ತನಕ ಯಾರೂ ನನ್ನನ್ನು ಅವಸರಪಡಿಸಲಿಲ್ಲ.

ವಿಮೋಚನಕಾಂಡದಲ್ಲಿ ಮೋಶೆಯ ಪ್ರಸಂಗವೊಂದಿದೆ. ರೆಫೀದೀಮಿನಲ್ಲಿ ಅಮಾಲೇಕ್ಯರೊಡನೆ ಯುದ್ಧ ನಡೆದಾಗ ಅವನು ಗುಡ್ಡದ ಮೇಲೆ ನಿಂತು ಕೈಯೆತ್ತಿದ್ದ. ಕೈ ಎತ್ತಿದಾಗ ಇಸ್ರಾಯೇಲ್ಯರಿಗೆ ಮೇಲುಗೈ, ಇಳಿದಾಗ ಸೋಲು. ಅಂಥ ಮೋಶೆಯ ಕೈಯೂ ಸೋತಿತು. ಆಗ ಆರೋನ ಮತ್ತು ಹೂರ ಅವನನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ಅತ್ತ ಒಬ್ಬರು ಇತ್ತ ಒಬ್ಬರು ನಿಂತು ಹೊತ್ತು ಮುಳುಗುವವರೆಗೂ ಅವನ ಕೈಗಳನ್ನು ಎತ್ತಿ ಹಿಡಿದರು. ಮುಂದಾಳಿನ ಕೈ ಸೋಲುವುದು ಅವಮಾನವಲ್ಲ, ಅದನ್ನು ಹಿಡಿಯಲು ಯಾರೂ ಇಲ್ಲದಿರುವುದು ನಿಜವಾದ ದುರ್ದೆಸೆ. ನನಗೆ ದೇವರು ಆರೋನರನ್ನೂ ಹೂರರನ್ನೂ ಕೊಟ್ಟಿದ್ದಾನೆ. ಮೂರನೆಯ ಕೃತಜ್ಞತೆ ಇದಕ್ಕೆ. ಬಹುಶಃ ಎಲ್ಲಕ್ಕಿಂತ ಆಳವಾದದ್ದೂ ಇದೇ.

ನಿರೀಕ್ಷೆಯನ್ನು ಹಂಚುವ ಸೇವೆ ಎಂದು ನಾವು ಅನ್ನುತ್ತೇವೆ. ನನ್ನ ಹತ್ತಿರ ಹಂಚಲು ಅದರ ದಾಸ್ತಾನೇನೂ ಇಲ್ಲ. ನಾನು ಮಾಡುವುದು ಬಹಳ ಸಣ್ಣದು. ಬಾಗಿಲು ತೆರೆದಿಡುತ್ತೇನೆ, ಸಮಯಕ್ಕೆ ಶುರುಮಾಡುತ್ತೇನೆ, ಹೆಚ್ಚು ಮಾತಾಡುವವರನ್ನು ಮೆಲ್ಲಗೆ ತಡೆದು ಮಾತೇ ಆಡದವರಿಗೆ ಎಡೆಮಾಡಿಕೊಡುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ಅವರ ಬಿನ್ನಹಗಳನ್ನು ಬರೆದುಕೊಳ್ಳುತ್ತೇನೆ. ಬೆಳಿಗ್ಗೆ ಎದ್ದು ಆ ಹೆಸರುಗಳನ್ನು ಒಂದೊಂದಾಗಿ ದೇವರ ಮುಂದೆ ಓದುತ್ತೇನೆ. ಕೊಡುವವನು ಕರ್ತನು. ಅವನು ಇಂದು ಒಬ್ಬರ ಎದೆಯಲ್ಲಿಟ್ಟದ್ದನ್ನು ನಾಳೆ ಇನ್ನೊಬ್ಬರು ಎರವಲು ಪಡೆಯುತ್ತಾರೆ. ಎರವಲು ಪಡೆದವರೇ ಒಂದು ದಿನ ಕೊಡುವವರಾಗುತ್ತಾರೆ. ಈ ಕೊಡುಕೊಳ್ಳುವಿಕೆ ನಡೆಯುವ ಜಾಗದಲ್ಲಿ ಕೂತಿರುವ ಭಾಗ್ಯ ನನ್ನದು. ನನಗಿಂತ ಚೆನ್ನಾಗಿ ಮಾತಾಡಬಲ್ಲವರು, ಹಾಡಬಲ್ಲವರು, ಸತ್ಯವೇದವನ್ನು ಆಳವಾಗಿ ಬಲ್ಲವರು ನಮ್ಮ ಸಭೆಯಲ್ಲೇ ಇದ್ದಾರೆ. ಆದರೂ ಈ ಸ್ಥಳ ನನಗೆ ಸಿಕ್ಕಿತು. ಅದು ಕೃಪೆ.

ಲುದ್ಯಳ ಮನೆಯಿಂದ ಬೆಳೆದ ಆ ಫಿಲಿಪ್ಪಿಯ ಸಭೆಗೆ ಪೌಲನು ಮುಂದೆ ಒಂದು ಪತ್ರ ಬರೆದ. ಬರೆಯುವಾಗ ಅವನು ಬೇಡಿ ತೊಟ್ಟ ಕೈದಿ. ಬದುಕುತ್ತೇನೋ ಸಾಯುತ್ತೇನೋ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಆದರೂ ವಂದನೆಯ ಮಾತು ಮುಗಿದ ಕೂಡಲೇ ಅವನು ಹೇಳುವುದು, ನಿಮ್ಮನ್ನು ನೆನೆದಾಗಲೆಲ್ಲ ದೇವರಿಗೆ ಸ್ತೋತ್ರ ಮಾಡುತ್ತೇನೆ ಎಂಬ ಸಂಗತಿಯನ್ನು. ಪತ್ರದ ತುಂಬ ಸಂತೋಷದ ಮಾತು ಮತ್ತೆ ಮತ್ತೆ ಬರುತ್ತದೆ. ಸೆರೆಮನೆಯಲ್ಲಿದ್ದವನಿಗೆ ಅಷ್ಟು ಸಂತೋಷ ಎಲ್ಲಿಂದ ಬಂತು? ಹೊಳೆದಡದಲ್ಲಿ ಕೂತಿದ್ದ ಆ ಹೆಂಗಸರು, ಆ ಬಟ್ಟೆ ವ್ಯಾಪಾರದವಳು, ಫಿಲಿಪ್ಪಿಯಲ್ಲಿ ಅವನನ್ನು ಸೆರೆಯಲ್ಲಿ ಕಾದು, ಆಮೇಲೆ ಮನೆಮಂದಿಯೊಡನೆ ದೀಕ್ಷಾಸ್ನಾನ ಪಡೆದ ಸೆರೆಮನೆಯ ಅಧಿಕಾರಿ. ಆ ಮುಖಗಳ ನೆನಪಿನಿಂದ ಬಂತು ಎಂದು ನನಗೆ ಅನ್ನಿಸುತ್ತದೆ. ಅವನು ಅವರಿಗೆ ಸುವಾರ್ತೆ ಕೊಟ್ಟಿದ್ದ. ಸೆರೆಯಲ್ಲಿದ್ದಾಗ ಅವರು ಅವನಿಗೆ ನೆರವು ಕಳಿಸಿದರು, ಕೃತಜ್ಞತೆಗೆ ಕಾರಣವನ್ನೂ ಕೊಟ್ಟರು.

ಈ ಬೆಳಿಗ್ಗೆ ನೀವು ಯಾವುದೇ ಚಿಕ್ಕ ಕೂಟವನ್ನು ನಡೆಸುತ್ತಿರುವವರಾದರೆ, ಅದು ಮನೆಪ್ರಾರ್ಥನೆಯಿರಲಿ, ಸ್ತ್ರೀಯರ ಕೂಟವಿರಲಿ, ಯೌವನಸ್ಥರ ಗುಂಪಿರಲಿ, ಮೊದಲು ದೇವರಿಗೆ ಸ್ತೋತ್ರ ಹೇಳಿ. ಎಷ್ಟು ಜನ ಬರುತ್ತಾರೆಂದು ಎಣಿಸಿ ಕುಗ್ಗಬೇಡಿ. ಎಲ್ಲಿ ಇಬ್ಬರು ಮೂವರು ಕೂಡುತ್ತಾರೋ ಅಲ್ಲಿ ತಾನಿರುವೆನೆಂದು ಮಾತು ಕೊಟ್ಟವನು ಸಂಖ್ಯೆ ನೋಡಿ ಬರುವವನಲ್ಲ. ನೀವು ಯಾವ ಕೂಟಕ್ಕೂ ಹೋಗದವರಾದರೆ, ನಿಮ್ಮ ಓಣಿಯಲ್ಲಿ ಒಂದು ಬಾಗಿಲು ತೆರೆದಿದೆಯೇ ನೋಡಿ. ಇಲ್ಲವಾದರೆ ನಿಮ್ಮದನ್ನೇ ತೆರೆಯಿರಿ. ಒಂದು ಜಮಖಾನ ಸಾಕು. ಪ್ರಾರ್ಥಿಸಲೂ ಶಕ್ತಿಯಿಲ್ಲದವರು ಬಂದರೆ ಅವರಿಗೆ ಪಾಠ ಹೇಳಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಅವರ ಪಾಲಿನದನ್ನೂ ನೀವೇ ಬೇಡಿಕೊಳ್ಳಿ. ಕಳೆದ ವಾರ ಕೂಟಕ್ಕೆ ಬಾರದವರು ಯಾರೆಂದು ನಿಮಗೆ ಗೊತ್ತಿದೆ. ಇಂದು ಮಧ್ಯಾಹ್ನದೊಳಗೆ ಅವರಿಗೆ ಒಂದು ಫೋನ್ ಮಾಡಿ.